ಬಳೆಗಾರರ ಮನೆಯ ಕವಿಯೂ ಪದವಿಯ ಕಾಗದವೂ

ಐಮಂಗಲದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಕನ್ನಡ ಅನುವಾದಗಳನ್ನು ತಿದ್ದುವ ಕೆಲಸದಲ್ಲಿದ್ದಾನೆ. ಓದಿದ್ದು ಬಿ.ಎ., ಐಚ್ಛಿಕ ಕನ್ನಡ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ‘ಪದವಿ ಮುಖ್ಯವಲ್ಲ, ಕೌಶಲ ಮುಖ್ಯ’ ಎಂದಿದ್ದ ಸಂಸ್ಥೆಯೇ, ತಂಡದ ಮುಖ್ಯಸ್ಥನ ಹುದ್ದೆ ತೆರವಾದಾಗ ಸ್ನಾತಕೋತ್ತರ ಪದವಿಯನ್ನೂ ಎಂಟು ವರ್ಷಗಳ ಸೇವೆಯನ್ನೂ ಕೇಳಿತು. ಬೇರೆ ವಿಭಾಗದವರೊಬ್ಬರು ಆ ಹುದ್ದೆಗೇರಿದರು. ಕನ್ನಡದ ಸಂದೇಹ ಬಂದಾಗ ಅವರು ಇಂದಿಗೂ ಇವನನ್ನೇ ಕರೆಯುತ್ತಾರಂತೆ. ‘ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಲೇ ಸರ್?’ ಎಂದು ಕೇಳಿದ.

ನನಗೆ ತಕ್ಷಣ ನೆನಪಾದವನು ರನ್ನ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಜೈನ ಕವಿ ಚಾಳುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಎನ್ನಿಸಿಕೊಂಡ. ಆ ಬಿರುದು ಕಾವ್ಯವನ್ನು ಕಂಡು ಕೊಟ್ಟದ್ದು; ಬಿರುದನ್ನು ಕಂಡು ಯಾರೂ ಕಾವ್ಯ ಬರೆಸಿದ್ದಲ್ಲ. ಆದರೆ ಈ ಮಾತನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ರನ್ನನಿಗೆ ವಿದ್ಯೆ ಕೊಡಲು ಅಜಿತಸೇನಾಚಾರ್ಯರಿದ್ದರು, ಪೊರೆಯಲು ಚಾವುಂಡರಾಯನಿದ್ದ. 993ರಲ್ಲಿ ‘ಅಜಿತಪುರಾಣ’ವನ್ನು ಬರೆಸಿದ ಅತ್ತಿಮಬ್ಬೆಯಿದ್ದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದವಳು ಅವಳು. (ಆ ಸಾವಿರ ಪ್ರತಿಗಳ ಓಲೆಗಳನ್ನು ಕೊರೆದ ಲಿಪಿಕಾರರ ಹೆಸರು ನಮಗೆ ಉಳಿದಿಲ್ಲ, ಅವರೂ ಕುಶಲರೇ.) ಕೌಶಲವಿದ್ದರೆ ಸಾಲದು, ಅದನ್ನು ಗುರುತಿಸಬಲ್ಲ ಕಣ್ಣೂ ಬೇಕು.

ಇಂದಿನ ಸಂದರ್ಶನ ಕೊಠಡಿಗಳಲ್ಲಿ ಆ ಕಣ್ಣು ಇದೆಯೆಂದು ನಾನು ನಂಬಲಾರೆ. ಅಲ್ಲಿ ಕೌಶಲವೆಂದರೆ ಎಷ್ಟೋ ಸಲ ತಡವರಿಸದ ಇಂಗ್ಲಿಷು, ಅಷ್ಟೆ. ಪದವಿಯನ್ನು ಬದಿಗಿಡಿ ಎನ್ನುವವರಿಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗನಿಗೆ ಶಿಫಾರಸು ಮಾಡುವ ಬಂಧುಗಳಿರುವುದಿಲ್ಲ. ಅವನ ಪರವಾಗಿ ಸಾಕ್ಷಿ ಹೇಳುವುದು ಆ ಕಾಗದವೊಂದೇ. ಸೇವಾಜ್ಯೇಷ್ಠತೆಯೂ ಹಾಗೆಯೇ: ಸೋಮಾರಿಯನ್ನು ಕಾಯ್ದಂತೆ ಯಾರ ಕೃಪೆಯೂ ಇಲ್ಲದವನನ್ನೂ ಅದು ಕಾಯ್ದಿದೆ.

ಹಾಗೆಂದು ಕಾಗದವೇ ವಿದ್ಯೆಯಲ್ಲ. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ.ಜಿ.ಯವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ.ಲಿಟ್. ನೀಡಿತು, ಅದೇ ವಿಶ್ವವಿದ್ಯಾನಿಲಯದ ನಿಯಮದಂತೆ ಅವರು ಅಲ್ಲಿ ಅಧ್ಯಾಪಕರಾಗುವಂತಿರಲಿಲ್ಲ. ನಮ್ಮ ವೃತ್ತಿಯಲ್ಲಿಯೇ ನೋಡಿ: ವಿಶ್ವವಿದ್ಯಾನಿಲಯಗಳ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಕಡ್ಡಾಯವೆಂದು 2018ರಲ್ಲಿ ಹೇಳಿದ ಯುಜಿಸಿ, 2023ರಲ್ಲಿ ಐಚ್ಛಿಕವೆಂದಿತು. ಆ ಐದು ವರ್ಷಗಳಲ್ಲಿ ಪಾಠ ಹೇಳುವ ವಿದ್ಯೆಯೇನೂ ಬದಲಾಗಲಿಲ್ಲ. ನನ್ನ ಪಿಎಚ್.ಡಿ. ನನಗೆ ಹಳಗನ್ನಡದ ಹಸ್ತಪ್ರತಿ ಓದುವುದನ್ನು ಕಲಿಸಿತು. ಅರವತ್ತು ಮಕ್ಕಳ ಮುಂದೆ ನಿಲ್ಲುವುದನ್ನು ಕಲಿಸಿದವರು ಆ ಅರವತ್ತು ಮಕ್ಕಳೇ.

ಹುಡುಗನಿಗೆ ಎರಡು ಕೆಲಸ ಹೇಳಿದೆ. ಎಂ.ಎ.ಗೆ ಸೇರು, ಆ ಕಾಗದ ನಿನ್ನ ಹಕ್ಕು. ಜೊತೆಗೆ, ನೀನು ತಿದ್ದಿದ ನೂರು ವಾಕ್ಯಗಳನ್ನು, ತಿದ್ದುವ ಮೊದಲಿನ ರೂಪ ಒಂದು ಕಡೆ, ಅನಂತರದ್ದು ಇನ್ನೊಂದು ಕಡೆ ಬರೆದು, ಕಾರಣಸಹಿತ ಮೇಲಧಿಕಾರಿಗಳ ಮುಂದಿಡು. ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ ತುಂಬಿದ್ದಾನೆ. ವಾಕ್ಯಗಳ ಪಟ್ಟಿಯನ್ನು ಮೊದಲು ನನಗೆ ಕಳುಹಿಸಿದ. ಎಪ್ಪತ್ತಮೂರನೆಯದರಲ್ಲಿ ನಮ್ಮಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ.