ವಿದ್ಯಾದಾಸೋಹಕ್ಕೆ ಮುನ್ನ ಕಲಿಕೆ

ಅನ್ನದಾಸೋಹದಂತೆ ವಿದ್ಯಾದಾಸೋಹವೂ ನಮ್ಮ ಸಮಾಜಕ್ಕೆ ಹೊಸದಲ್ಲ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ನಾಡಿನ ಮೂಲೆಮೂಲೆಗಳಲ್ಲಿದ್ದಾರೆ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ಸಪ್ತರ್ಷಿಗಳೆಂದು ಇಂದಿಗೂ ಸ್ಮರಿಸುತ್ತೇವೆ. ಅವರ ತ್ಯಾಗವನ್ನು ಕೊಂಡಾಡುವಾಗ ಒಂದು ಸಂಗತಿಯನ್ನು ಮರೆಯುವುದುಂಟು. ಅವರು ಮೊದಲು ವಿದ್ಯೆಯನ್ನು ಸಂಪಾದಿಸಿದರು, ಆಮೇಲೆ ಅದನ್ನು ಹಂಚಿದರು. ಕಾಯಕದಿಂದ ಗಳಿಸಿದ್ದನ್ನು ನೀಡಿದಾಗಲೇ ಅದು ದಾಸೋಹವೆನಿಸುತ್ತದೆ.

2018ರ ಬೇಸಗೆಯಲ್ಲಿ ಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಈ ವಿಚಾರ ಚರ್ಚೆಗೆ ಬಂತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೌಕರಿಯಲ್ಲಿದ್ದ ನನ್ನ ಮಗಳು ಕೆಲಸ ಬಿಟ್ಟು, ಥಾಯ್ಲೆಂಡಿನ ಶಾಲೆಯೊಂದರಲ್ಲಿ ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸಲು ಹೋಗುವೆನೆಂದಳು. ಮೂರು ವರ್ಷಗಳ ಉಳಿತಾಯವನ್ನು ಅದಕ್ಕೆಂದೇ ತೆಗೆದಿರಿಸಿದ್ದಳು. ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲವಾದ್ದರಿಂದ ನೆಂಟರಿಷ್ಟರು ಹುಬ್ಬೇರಿಸಿದರು. "ಇಲ್ಲಿ ಕಲಿಯುವ ಮಕ್ಕಳಿಗೆ ಬರಗಾಲವೇನವ್ವಾ?" ಎಂದು ನನ್ನ ತಾಯಿಯವರು ಕೇಳಿದರು. ಆ ಪ್ರಶ್ನೆಗೆ ಅವಳಲ್ಲಿ ಅಂದು ಉತ್ತರವಿರಲಿಲ್ಲ.

ಅವಳು ಮೊದಲು ವಿಚಾರಿಸಿದ ಏಜೆನ್ಸಿಯವರು ಶುಲ್ಕ ಕಟ್ಟಿದರೆ ಸಾಕು, ಇಂಗ್ಲಿಷ್ ಬಂದರೆ ತರಬೇತಿ ಬೇಕಿಲ್ಲ, ಪ್ರವಾಸಿ ವೀಸಾದಲ್ಲೇ ಹೋಗಬಹುದು ಎಂದರು. ಸಂಬಳವಿಲ್ಲದ ಸೇವೆಯೂ ಆ ದೇಶದ ಕಾನೂನಿನಲ್ಲಿ ಕೆಲಸವೇ. ಅದಕ್ಕೆ ತಕ್ಕ ವೀಸಾ ಮತ್ತು ಕೆಲಸದ ಪರವಾನಗಿ ಬೇಕು. ಈ ಬಗ್ಗೆ ಬರಹದಲ್ಲಿ ಕೇಳಿದಾಗ ಅವರಿಂದ ಉತ್ತರ ಬರಲಿಲ್ಲ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸಿ ನಿವೃತ್ತನಾದ ನನಗೆ ವೀಸಾದ ಮಾತಿಗಿಂತ ತರಬೇತಿ ಬೇಕಿಲ್ಲವೆಂಬ ಮಾತೇ ಹೆಚ್ಚು ಕಳವಳ ತಂದಿತು. ಈಜು ಬಲ್ಲವರೆಲ್ಲ ಈಜು ಕಲಿಸಲಾರರು. "ಹೋಗು, ಆದರೆ ಕಲಿತು ಕಲಿಸು" ಎಂದೆ.

ಹೀಗೆ ಅವಳು ಚಿಯಾಂಗ್ ಮಾಯ್ ನಗರದಲ್ಲಿ ಸೆಲ್ಟಾ ಎಂಬ ತರಬೇತಿಗೆ ಸೇರಿದಳು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ಸಂಸ್ಥೆ ಪ್ರಮಾಣಪತ್ರ ನೀಡುವ ಈ ತರಬೇತಿ ಸುಮಾರು 120 ಗಂಟೆಗಳದು. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು. ಹಿಂದೆ ಕುಳಿತ ತರಬೇತುದಾರರು ಪ್ರತಿಯೊಂದನ್ನೂ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಅನುಭವಿ ಶಿಕ್ಷಕರ ಪಾಠವನ್ನು ಇನ್ನೂ 6 ಗಂಟೆ ನೋಡಬೇಕು. ನಾಲ್ಕು ಲಿಖಿತ ಪ್ರಬಂಧಗಳನ್ನು ಒಪ್ಪಿಸಬೇಕು. ಇದು ಮುಖ್ಯವಾಗಿ ವಯಸ್ಕರಿಗೆ ಕಲಿಸುವವರ ತರಬೇತಿಯಾದ್ದರಿಂದ ಮಕ್ಕಳಿಗೆ ಕಲಿಸುವ ರೀತಿಯನ್ನು ಬೇರೆಯಾಗಿ ಅರಿಯಬೇಕಾಯಿತು.

ಮೊದಲ ದಿನದ ಪಾಠ ಅವಳಿಗೆ ತಿಳಿಯದ ಭಾಷೆಯೊಂದರಲ್ಲಿ ನಡೆಯಿತಂತೆ. ತರಬೇತುದಾರರು ಇಂಗ್ಲಿಷಿನ ಒಂದು ಪದವನ್ನೂ ಬಳಸದೆ ಚಿತ್ರ, ಸನ್ನೆಗಳಿಂದಲೇ ಕಲಿಸಿದರು. "ಅಪ್ಪಾಜಿ, ನಮ್ಮ ಬೊಮ್ಮನಹಳ್ಳಿಯ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ಯಾಕೆ ತಲೆ ತಗ್ಗಿಸಿ ಕೂರುತ್ತಾರೆಂದು ಇಂದು ತಿಳಿಯಿತು" ಎಂದು ರಾತ್ರಿ ಫೋನಿನಲ್ಲಿ ಹೇಳಿದಳು. ಇನ್ನೊಂದು ದಿನದ ಪಾಠವೂ ನೆನಪಿಡತಕ್ಕದ್ದು. "ಅರ್ಥವಾಯಿತೇ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಆ ಹೂಂಕಾರದಿಂದ ಏನೂ ತಿಳಿಯದು. 'ಐ ಯೂಸ್ಡ್ ಟು ಲಿವ್ ಇನ್ ದಾವಣಗೆರೆ' ಎಂದು ಕಲಿಸಿದ ಮೇಲೆ, "ಹಾಗಾದರೆ ನಾನು ಈಗ ದಾವಣಗೆರೆಯಲ್ಲಿದ್ದೇನೆಯೇ?" ಎಂದು ಕೇಳಬೇಕು. ಆಗ ಅರಿತವರು ಯಾರು, ಅರಿಯದವರು ಯಾರು ಎಂಬುದು ತಾನೇ ತೋರುತ್ತದೆ.

ತರಬೇತಿ ಮುಗಿದ ಮೇಲೆ ಕ್ರಮಬದ್ಧ ಪರವಾನಗಿಯೊಡನೆ ಹಳ್ಳಿಯ ಶಾಲೆಯೊಂದರಲ್ಲಿ ಮೂರು ತಿಂಗಳು ಕಲಿಸಿದಳು. ಥಾಯ್ ಭಾಷೆಗೆ ಐದು ಸ್ವರಗತಿಗಳಿವೆ. ಏರಿಳಿತ ತಪ್ಪಿದರೆ 'ಬಾ' ಎಂಬುದಕ್ಕೆ ಬದಲಾಗಿ 'ನಾಯಿ' ಎಂದೋ 'ಕುದುರೆ' ಎಂದೋ ಆಗಿಬಿಡುತ್ತದೆ. ಅವಳ ಉಚ್ಚಾರಣೆ ಕೇಳಿ ಮಕ್ಕಳು ನಗುತ್ತಿದ್ದರಂತೆ. ಹಾಗೆ ನಕ್ಕ ಮಕ್ಕಳೇ ತಾವು ಇಂಗ್ಲಿಷ್ ತಪ್ಪಾಗಿ ಆಡಲು ಹೆದರುವುದನ್ನು ಬಿಟ್ಟರು.

ಪರನಾಡಿಗೆ ಸೇವೆಗೆಂದು ಹೋಗುವವರು ಅಲ್ಲಿಯ ನುಡಿಯನ್ನು ಕಲಿಯಬೇಕೆಂಬುದು ಅನುಭವಿಗಳ ಮಾತು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರು ಆರಂಭಿಸಿದ ಪೀಸ್ ಕೋರ್‌ನ ಸ್ವಯಂಸೇವಕರು 1976ರವರೆಗೆ ಭಾರತದಲ್ಲಿ ದುಡಿದರು. ಕೆಲಸಕ್ಕೆ ಇಳಿಯುವ ಮುನ್ನ ಅವರಿಗೆ ಭಾಷೆಯ ತರಬೇತಿಯಾಗುತ್ತಿತ್ತು. ಅಂದಿನ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತರು. ಇನ್ನೂ ಹಿಂದಕ್ಕೆ ಹೋದರೆ, ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರುವ ಕಾಯಕ ಕೈಗೊಂಡರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ನಮ್ಮ ಕಣ್ಣ ಮುಂದಿದ್ದಾರೆ. ಆ ಶರಣರ ವಚನಗಳು ಕನ್ನಡದಲ್ಲಿವೆ.

ಮಗಳು ಮರಳಿ ನೌಕರಿಗೆ ಸೇರಿದಳು, ಮದುವೆಯೂ ಆಯಿತು. ಊರಿಗೆ ಬಂದ ಮೇಲೆ ಭಾನುವಾರಗಳಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳತೊಡಗಿದಳು. ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಆಡುವ ಆ ಮಕ್ಕಳಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ.

ಇಂಥ ಸೇವೆಯನ್ನು ಬಯಸುವ ತರುಣ ತರುಣಿಯರನ್ನು ಮನೆಯ ಹಿರಿಯರು ತಡೆಯಬೇಕಾಗಿಲ್ಲ. ತರಬೇತಿಯಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸುವರೇ, ಪರವಾನಗಿ ಯಾರ ಹೊಣೆ, ಕಟ್ಟಿದ ಹಣ ಯಾವುದಕ್ಕೆ ಸಲ್ಲುವುದು, ಈ ಮೂರನ್ನು ಬರಹದಲ್ಲಿ ಕೇಳಿ ಪಡೆದರೆ ಸಾಕು. ವಿದೇಶಕ್ಕೆ ಹೋಗಲಾಗದವರು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ಸರಕಾರಿ ಶಾಲೆಯ ಶಿಕ್ಷಕರಿಗಾಗಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿಯಲ್ಲೇ ಇದೆ. ಎಲ್ಲಿ ಕಲಿತರೂ ಕಲಿಕೆ ಕಾಯಕವಾಗಲಿ. ಆಗ ಕಲಿಸುವುದು ದಾಸೋಹವಾಗುತ್ತದೆ.