ಮೇಲಿನದು, ಕೆಳಗಿನದು

ನನ್ನ ವಾರದ ವ್ಯಾಯಾಮದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಐದು ನಿಮಿಷ ಸುಮ್ಮನೆ ಕೂರುವುದು. ರಾಗಿಗುಡ್ಡದ ಮೆಟ್ಟಿಲುಗಳನ್ನು ಓಡಿ ಹತ್ತುವಾಗ ಎದೆ ಉರಿಯುತ್ತದೆ, ಸರಿ. ಡೆಡ್‌ಲಿಫ್ಟ್‌ಗೆ ಬಗ್ಗಿದಾಗ ತೊಡೆ ನಡುಗುತ್ತದೆ, ಅದೂ ಸರಿ. ಅವೆಲ್ಲ ನನಗೆ ಇಷ್ಟದ ಕಷ್ಟಗಳು. ಬೆಳಿಗ್ಗೆ ಎದ್ದು, ಕಾಫಿಗೂ ಮೊದಲು, ಕುರ್ಚಿಗೆ ಬೆನ್ನು ಆನಿಸಿ, ಎರಡೂ ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಪಟ್ಟಿ ಸುತ್ತಿಕೊಂಡು ಕೂರಬೇಕು. ಮಾತಾಡುವ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಬೀದಿಗೆ ಅಷ್ಟು ಹೊತ್ತಿಗೆ ಸೊಪ್ಪಿನ ಗಾಡಿ ಬಂದಿರುತ್ತದೆ, ಎದುರುಮನೆಯಲ್ಲಿ ಕುಕ್ಕರು ಮೊದಲ ಸೀಟಿ ಹಾಕಿರುತ್ತದೆ. ಮೈ ದಂಡಿಸಿ ಅಭ್ಯಾಸವಾದವರಿಗೆ ಮೈಯನ್ನು ಅದರ ಪಾಡಿಗೆ ಬಿಟ್ಟು ಕೂರುವುದು ತಕ್ಷಣ ಒಗ್ಗುವುದಿಲ್ಲ. ಆಮೇಲೆ ಗುಂಡಿ ಒತ್ತಿದರೆ ಪಟ್ಟಿ ಉಬ್ಬಿ, ತೋಳನ್ನು ಹಿಂಡಿ, ಮೆಲ್ಲಗೆ ಸಡಿಲುತ್ತದೆ. ಮೇಲಿನದು ಇಷ್ಟು, ಕೆಳಗಿನದು ಇಷ್ಟು. ಬರೆದಿಟ್ಟುಕೊಳ್ಳುತ್ತೇನೆ.

ಬಿಪಿ ಇದೆ ಎಂದು ಗೊತ್ತಾದಾಗ ನಾನು ಬದುಕಿನಲ್ಲೇ ಅತ್ಯಂತ ಗಟ್ಟಿಯಾಗಿದ್ದೆ. ನಗರದ ದೊಡ್ಡ ಹತ್ತು ಕಿಲೋಮೀಟರ್ ಓಟವನ್ನು ಆಗಷ್ಟೇ ನನ್ನ ಮಟ್ಟಿಗೆ ಚೆನ್ನಾಗಿ ಮುಗಿಸಿದ್ದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ನಿದ್ದೆ ಸೊಗಸಾಗಿ ಬರುತ್ತಿತ್ತು. ಸುದ್ದಿ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: 'ನಿಮಗಾ? ಇಷ್ಟು ಓಡ್ತೀರಲ್ರೀ!' ಕೂತು ತಿನ್ನುವವರಿಗೆ, ಸಿಟ್ಟಿನವರಿಗೆ, ಹೊಟ್ಟೆ ಬಂದವರಿಗೆ ಮಾತ್ರ ಬರುವ ಕಾಯಿಲೆ ಇದು ಎಂಬ ನಂಬಿಕೆ ಆ ಬೆರಗಿನ ಹಿಂದಿದೆ. ನನಗೆ ಈ ನಂಬಿಕೆಯ ಮೇಲೆ ಕೋಪವಿದೆ, ಏಕೆಂದರೆ ಇದರಿಂದಾಗಿಯೇ ಗಟ್ಟಿಮುಟ್ಟಾದವರು ಪರೀಕ್ಷೆಗೆ ಹೋಗುವುದಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಎಂದಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಅಷ್ಟು ಜನರಲ್ಲಿ ಓಡುವವರೂ ಎತ್ತುವವರೂ ಇರಲೇಬೇಕಲ್ಲ. ನಮ್ಮ ಅಪ್ಪನಿಗೆ ಬಿಪಿ ಇತ್ತು, ಅವರಮ್ಮನಿಗೂ ಇತ್ತು. ನಿಯಮಿತ ಓಟ, ಚುರುಕು ನಡಿಗೆ ಒತ್ತಡವನ್ನು ಐದರಿಂದ ಎಂಟು ಅಂಕದಷ್ಟು ಇಳಿಸಬಲ್ಲವು. ಔಷಧವಿಲ್ಲದೆ ಅಷ್ಟು ಇಳಿಯುವುದು ದೊಡ್ಡ ಮಾತೇ. ಆದರೆ ಅಜ್ಜಿಯಿಂದ ಬಂದದ್ದು ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದಕ್ಕೆ ಬೇರೆ ದಾರಿ ನೋಡಬೇಕು.

ಜಯನಗರದ ನಮ್ಮ ಡಾಕ್ಟರರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸಲ ಅಂಕಿ ಹೆಚ್ಚು ಬಂದಾಗ ಅವರು ನನ್ನ ತೋಳನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಡ್ರಾಯರಿನಿಂದ ದೊಡ್ಡ ಪಟ್ಟಿಯೊಂದನ್ನು ತೆಗೆದರು. ತೋಳು ದಪ್ಪವಿದ್ದು ಪಟ್ಟಿ ಸಣ್ಣದಿದ್ದರೆ ಯಂತ್ರ ಇಲ್ಲದ ಒತ್ತಡವನ್ನೂ ತೋರಿಸುತ್ತದೆ; ಜಿಮ್ಮಿನ ತೋಳುಗಳಿಗೆ ಇದು ಮಾಮೂಲಿ ತೊಡಕು. ದೊಡ್ಡ ಪಟ್ಟಿಯಲ್ಲೂ ಅಂಕಿ ಇಳಿಯಲಿಲ್ಲ. ಡಾಕ್ಟರನ್ನು ಕಂಡೊಡನೆ ಏರುವ ಒತ್ತಡವೂ ಉಂಟು ಎಂದು ಇಪ್ಪತ್ತನಾಲ್ಕು ಗಂಟೆಯ ಯಂತ್ರವನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. ಅರ್ಧ ಗಂಟೆಗೊಮ್ಮೆ ಅದು ಗುರ್ರೆಂದು ತೋಳು ಹಿಂಡುತ್ತದೆ, ಬಸ್ಸಿನಲ್ಲಿ, ಊಟದ ಹೊತ್ತಲ್ಲಿ, ನಡುರಾತ್ರಿಯಲ್ಲೂ. ನಿದ್ದೆಯಲ್ಲಿ ಇಳಿಯಬೇಕಾದಷ್ಟು ನನ್ನ ಒತ್ತಡ ಇಳಿಯುತ್ತಿರಲಿಲ್ಲ. ಅಲ್ಲಿಗೆ ಅನುಮಾನ ಮುಗಿಯಿತು. ಆಸ್ಪತ್ರೆಯಲ್ಲಿ 140ಕ್ಕೆ 90, ಮನೆಯಲ್ಲಿ 135ಕ್ಕೆ 85 ಗಡಿ. ಎರಡನ್ನೂ ನಾನು ದಾಟಿದ್ದೆ.

ಈ ಅಳತೆಯ ಹಿಂದೆ ಎಷ್ಟು ಜನರ ಶ್ರಮವಿದೆ ಎಂದು ಓದಿದಾಗಿನಿಂದ ಆ ಪಟ್ಟಿಯ ಮೇಲೆ ನನಗೆ ಗೌರವ. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ತಾನು ಕುದುರೆಯ ರಕ್ತನಾಳಕ್ಕೆ ಕೊಳವೆ ಸೇರಿಸಿ ಒತ್ತಡ ಅಳೆದದ್ದನ್ನು ಪ್ರಕಟಿಸಿದ. ತೋಳಿಗೆ ಪಟ್ಟಿ ಸುತ್ತುವ ಉಪಾಯ ಇಟಲಿಯ ರಿವಾ-ರೊಚ್ಚಿಯದು, 1896ರದ್ದು. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಮಾಡಿದವನು ರಷ್ಯಾದ ಕೊರೊಟ್ಕಾಫ್, 1905ರಲ್ಲಿ.

ನನ್ನಂಥವರಿಗೆ ಇನ್ನೂ ಹತ್ತಿರದ ಪ್ರಯೋಗ ನಡೆದದ್ದು ಕೆನಡಾದಲ್ಲಿ. 1985ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ದೇಹದಾರ್ಢ್ಯ ಪಟುಗಳ ತೋಳಿನ ಧಮನಿಯೊಳಕ್ಕೇ ನಳಿಕೆ ಇಟ್ಟು ಭಾರ ಎತ್ತಿಸಿದರು. ಎರಡೂ ಕಾಲಲ್ಲಿ ಲೆಗ್ ಪ್ರೆಸ್ ಮಾಡುವಾಗ ಒತ್ತಡ ಸರಾಸರಿ 320ಕ್ಕೆ 250 ಮುಟ್ಟಿತು. ಒಬ್ಬನಲ್ಲಿ ಮೇಲಿನದು 480 ದಾಟಿತು. ಮೊದಲ ಸಲ ಓದಿದಾಗ ಪುಟ ತಿರುಗಿಸಿ ಮತ್ತೆ ನೋಡಿದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಂಡುತ್ತದೆ, ತೋಟಕ್ಕೆ ನೀರು ಬಿಟ್ಟ ಪೈಪನ್ನು ಕಾಲಲ್ಲಿ ತುಳಿದ ಹಾಗೆ. ಜೊತೆಗೆ ನಾವು ಹಲ್ಲು ಕಚ್ಚಿ ಉಸಿರು ಕಟ್ಟುತ್ತೇವೆ. ಎದೆಯೊಳಗಿನ ಒತ್ತಡವೂ ಸೇರಿಕೊಳ್ಳುತ್ತದೆ. ಇದೆಲ್ಲ ಕೆಲವೇ ಕ್ಷಣದ್ದು. ಭಾರ ಇಳಿಸಿದ ಕೂಡಲೇ ಬಿದ್ದುಹೋಗುತ್ತದೆ, ಅಷ್ಟೇ ಅಲ್ಲ, ವ್ಯಾಯಾಮದ ನಂತರ ಕೆಲವು ಗಂಟೆ ಒತ್ತಡ ಮೊದಲಿಗಿಂತ ಕೆಳಗೇ ಇರುತ್ತದೆ. ಆದರೆ ಕೂತಾಗಲೇ ಎತ್ತರದಲ್ಲಿರುವವನು ಆ ಕ್ಷಣದಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಎಂಬುದನ್ನು ಯೋಚಿಸಬೇಕು. 'ಮೇಲಿನದು 160 ದಾಟಿದ್ದರೆ ಹತೋಟಿಗೆ ಬರುವವರೆಗೂ ದೊಡ್ಡ ಭಾರ ಬೇಡ, ನಡೀರಿ, ಹಗುರವಾಗಿ ಓಡಿ' ಎಂದರು ಡಾಕ್ಟರು. ಎತ್ತುವ ಕಾಲ ಬಂದಾಗಲೂ ಒಂದೇ ಕಟ್ಟಳೆ: ಎತ್ತುವಾಗ ಉಸಿರು ಬಿಡಿ, ಕಟ್ಟಬೇಡಿ.

ಉಸಿರಿನ ಮಾತು ಬಂದಾಗಲೆಲ್ಲ ನನಗೆ ಕೆ.ವಿ. ಅಯ್ಯರ್ ನೆನಪಾಗುತ್ತಾರೆ. ಕನ್ನಡಿಗರಿಗೆ ಅವರು 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರ. ಅದೇ ಮನುಷ್ಯ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹುಡುಗರನ್ನು ಹುರಿಗೊಳಿಸಿದರು, ತಮ್ಮ ಮೈಕಟ್ಟಿನಿಂದಲೇ ಹೆಸರಾದರು. ಕಬ್ಬಿಣದ ಜೊತೆಗೆ ಸೂರ್ಯನಮಸ್ಕಾರವನ್ನೂ ಹಠಯೋಗವನ್ನೂ ಅವರು ಇಟ್ಟುಕೊಂಡಿದ್ದರು, ಸೂರ್ಯನಮಸ್ಕಾರದ ಮೇಲೆ ಪುಸ್ತಕವನ್ನೇ ಬರೆದರು. ಬಗ್ಗುವಾಗ ಬಿಡು, ಏಳುವಾಗ ಎಳೆದುಕೋ ಎಂದು ಪ್ರತಿ ಹೆಜ್ಜೆಗೂ ಉಸಿರಿನ ಲೆಕ್ಕ ಇರುವ ವ್ಯಾಯಾಮ ಅದು. ಭಾರ ಎತ್ತುವವನು ಅದನ್ನು ಬೆಳಿಗ್ಗೆ ಒಂದಿಷ್ಟು ಮಾಡಿ ಬಂದರೆ ಉಸಿರು ಕಟ್ಟುವ ಚಾಳಿ ತಾನಾಗಿ ಸಡಿಲುತ್ತದೆ. ನನ್ನ ಅನುಭವ ಇದು.

2021ರ ಅಕ್ಟೋಬರ್ 29ನ್ನು ನಮ್ಮೂರಲ್ಲಿ ಯಾರೂ ಮರೆತಿಲ್ಲ. 46ರ ಪುನೀತ್ ರಾಜ್‌ಕುಮಾರ್, ತೆರೆಯ ಮೇಲೂ ಹೊರಗೂ ಆರೋಗ್ಯಕ್ಕೇ ಇನ್ನೊಂದು ಹೆಸರಿನಂತಿದ್ದವರು, ಹೃದಯಾಘಾತಕ್ಕೆ ಹೋಗಿಬಿಟ್ಟರು. ನಂತರದ ದಿನಗಳಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತೋರಿಸಿಕೊಳ್ಳಲು ಜನ ಮುಗಿಬಿದ್ದರು. ಅದೇ ಹೊತ್ತಿಗೆ ಜಿಮ್ಮುಗಳು ಖಾಲಿಯಾದವು. ವ್ಯಾಯಾಮವೇ ಅಪಾಯ ಎಂದು ತಾಯಂದಿರು ಮಕ್ಕಳನ್ನು ತಡೆದರು. ಆ ತಾಯಂದಿರ ದಿಗಿಲು ನನಗೆ ಅರ್ಥವಾಗುತ್ತದೆ. ಆದರೂ ಆಸ್ಪತ್ರೆಯ ಸಾಲಿನಲ್ಲಿ ನಿಂತವರೇ ಸರಿಯಾದದ್ದನ್ನು ಮಾಡಿದರು ಎಂದು ನನ್ನ ಅಭಿಪ್ರಾಯ. ತನ್ನ ಅಂಕಿ ತಿಳಿದವನು ನಿಶ್ಚಿಂತೆಯಿಂದ ಓಡಬಹುದು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. 'ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ' ಎಂಬ ಹೆದರಿಕೆಯನ್ನು ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೂ ಕೇಳಬಹುದು, ಜಿಮ್ಮಿನ ಕನ್ನಡಿಯ ಮುಂದೆಯೂ ಕೇಳಬಹುದು. ನಾನು ದಿನವೂ ಹಲ್ಲುಜ್ಜುತ್ತೇನೆ, ದಿನವೂ ಕಾಫಿ ಕುಡಿಯುತ್ತೇನೆ, ದಿನವೂ ಒಂದು ಮಾತ್ರೆ ನುಂಗುತ್ತೇನೆ. ಯಾವ ಮಾತ್ರೆ ಎಂಬುದು ಮಾತ್ರ ದೈಹಿಕ ಶ್ರಮದವರಿಗೆ ಮುಖ್ಯ. ಬೀಟಾ ಬ್ಲಾಕರ್‌ಗಳು ಎದೆಬಡಿತವನ್ನೇ ತಗ್ಗಿಸುವುದರಿಂದ ಓಟಗಾರನಿಗೆ ಏರಿನಲ್ಲಿ ಕಾಲು ಬರುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳು ಬೆವರಿನ ಜೊತೆ ಸೇರಿ ಮೈಯ ನೀರು, ಪೊಟ್ಯಾಸಿಯಂ ಎರಡನ್ನೂ ಬರಿದು ಮಾಡಬಹುದು. ಸ್ಪರ್ಧೆಗಿಳಿಯುವ ಕ್ರೀಡಾಪಟುಗಳಿಗೆ ಅವು ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲೂ ಇವೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಆಮ್ಲೊಡಿಪಿನ್ ಗುಂಪಿನವು ಓಟವನ್ನು ಅಷ್ಟಾಗಿ ಹಿಡಿದು ಎಳೆಯುವುದಿಲ್ಲ. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುವುದುಂಟು. ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಎಷ್ಟು ಓಡುತ್ತೀರಿ, ಎಷ್ಟು ಎತ್ತುತ್ತೀರಿ, ಯಾವ ಪುಡಿ ಕುಡಿಯುತ್ತೀರಿ ಎಲ್ಲವನ್ನೂ ಹೇಳಬೇಕು. ವ್ಯಾಯಾಮಕ್ಕೆ ಮೊದಲು ಕಲಸಿ ಕುಡಿಯುವ ಪುಡಿಗಳಲ್ಲಿ ತುಂಬಿರುವುದು ಕೆಫೀನ್. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಒತ್ತಡ ಏರಿಸುತ್ತವೆ. ಓಟಗಾರರ ಚೀಲದಲ್ಲಿ ಈ ಗುಳಿಗೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಮಾಡಿದ ಜನ ನಾವು. ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಆ ಚಮಚ ಎಷ್ಟು ಬೇಗ ತುಂಬುತ್ತದೆ! ಓಟ ಮುಗಿಸಿ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಇಡ್ಲಿ ವಡೆ, ಅದರ ಮೇಲೆ ತೇಲುವಷ್ಟು ಸಾಂಬಾರು. ಮಧ್ಯಾಹ್ನ ಪುಳಿಯೋಗರೆ, ಪಕ್ಕದಲ್ಲಿ ಹಪ್ಪಳ, ಮಾವಿನ ಮಿಡಿ. ಸಂಜೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ಪೊಟ್ಟಣದಲ್ಲಿ ಕಾಂಗ್ರೆಸ್ ಕಡಲೆಬೀಜ. ಇವುಗಳಲ್ಲಿ ಒಂದನ್ನೂ ನಾನು ತ್ಯಜಿಸಿಲ್ಲ, ತ್ಯಜಿಸು ಎಂದು ಯಾರಿಗೂ ಹೇಳಲಾರೆ. ಒಂದೇ ದಿನ ಎಲ್ಲವನ್ನೂ ಕೂಡಿಸುವುದಿಲ್ಲ, ಅಷ್ಟೆ. ಮಿಡಿ ಇದ್ದ ದಿನ ಹಪ್ಪಳ ಇಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕೊತ್ತಂಬರಿ. ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಂಡಿತು; ಈಗ ಎಳೆ ಸೌತೆಕಾಯಿಗೆ ಅದರದೇ ರುಚಿ ಇರುವುದು ಗೊತ್ತಾಗುತ್ತದೆ. ಬೆವರಿನಲ್ಲಿ ಉಪ್ಪು ಹೋಗುತ್ತದಲ್ಲ ಎನ್ನುವ ಓಟಗಾರ ಗೆಳೆಯರಿಗೆ ನಾನು ಹೇಳುವುದಿಷ್ಟು: ಓಆರ್‌ಎಸ್ ಒಂದು ಲೀಟರಿನಲ್ಲಿ 2.6 ಗ್ರಾಂ ಉಪ್ಪಿದೆ, ಅಂದರೆ ದಿನದ ಪಾಲಿನ ಅರ್ಧ. ಬೆಂಗಳೂರಿನ ತಂಪು ಬೆಳಗಿನಲ್ಲಿ ಒಂದು ಗಂಟೆ ಓಡಿದವರಿಗೆ ನೀರು ಸಾಕು, ಬೇಕಿದ್ದರೆ ಲಾಲ್‌ಬಾಗಿನ ಗೇಟಿನ ಬಳಿ ಒಂದು ಎಳನೀರು.

ಈಚೆಗೆ ನನ್ನ ವ್ಯಾಯಾಮಕ್ಕೆ ಹೊಸದೊಂದು ಸೇರಿದೆ. 2023ರಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ 270 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಕೂತಾಗಿನ ಒತ್ತಡವನ್ನು ಇಳಿಸುವುದರಲ್ಲಿ ಓಟಕ್ಕಿಂತ, ಭಾರ ಎತ್ತುವುದಕ್ಕಿಂತ ಮುಂದೆ ನಿಂತದ್ದು ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮ, ಅದರಲ್ಲೂ ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯಲ್ಲಿ ಕೂರುವುದು. ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆಗೆಂದು ಕೂರಿಸುತ್ತಿದ್ದ ಅದೇ ಗೋಡೆ ಕುರ್ಚಿ! ಎರಡು ನಿಮಿಷ ಕೂರುವುದು, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು. ವಾರಕ್ಕೆ ಮೂರು ದಿನ. ಉಸಿರು ಮಾತ್ರ ಓಡಾಡುತ್ತಿರಬೇಕು. ಅಂಕಿ ಹತೋಟಿಗೆ ಬಂದ ಮೇಲೆ ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ. ಮಾತ್ರೆ ಹಾಗೇ ಇದೆ, ಓಟ ಹಾಗೇ ಇದೆ, ಇದೂ ಜೊತೆಗಿದೆ.

ನಾನು ಹೀಗೆ ಗೋಡೆಗೆ ಕೂರುವುದನ್ನು ಕಂಡು ಜಿಮ್ಮಿನ ಹುಡುಗರು ಹತ್ತಿರ ಬಂದರು. ಬಹುತೇಕ ಬಿಟಿಎಂ ಕಡೆಯ ಪಿಜಿಗಳವರು, ರಾತ್ರಿ ಪಾಳಿ ಮುಗಿಸಿ ಬರುವವರು, ಸರಿಯಾಗಿ ನಿದ್ದೆಯಿಲ್ಲದವರು. ಮಾಲೀಕರನ್ನು ಕೇಳಿ ಕೌಂಟರಿನ ಮೇಲೆ ಒಂದು ಬಿಪಿ ಯಂತ್ರ ಇಡಿಸಿದೆವು. ಒಬ್ಬನಿಗೆ, ಒಳ್ಳೆಯ ಮೈಕಟ್ಟಿನ ಹುಡುಗ, ಇನ್ನೂ ಮೂವತ್ತಾಗಿಲ್ಲ, ಕೂತು ಕೂತು ಅಳೆದರೂ ಮೇಲಿನದು 150ರ ಆಚೆಗೇ ನಿಂತಿತು. ಅವನು ಮಂಕಾದ. 'ಜಿಮ್ ಬಿಡ್ಬೇಕಾ ಸಾರ್?' ಎಂದ. ಬಿಡಬೇಕಿಲ್ಲ, ಡಾಕ್ಟರನ್ನು ಕಾಣಬೇಕು ಎಂದೆ. ಕಂಡು ಬಂದಿದ್ದಾನೆ. ಪುಡಿಯ ಡಬ್ಬಿಯನ್ನು ಮುಚ್ಚಿಟ್ಟಿದ್ದಾನೆ, ಪಾಳಿ ಬದಲಿಸಿಕೊಡಿ ಎಂದು ಆಫೀಸಿನಲ್ಲಿ ಕೇಳಿದ್ದಾನೆ. ಬರುವ ಭಾನುವಾರ ಅವನನ್ನು ತುರಹಳ್ಳಿ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಇಬ್ಬರೂ ಮಾತಾಡುತ್ತಲೇ ಓಡಬಹುದಾದಷ್ಟು ನಿಧಾನಕ್ಕೆ.