ಕಾಲುಪೆಟ್ಟಿಗೆಯ ಉಸಿರು

ತುಂಗಭದ್ರೆಯಲ್ಲಿ ಕೆಂಪು ನೀರು ಬಂತೆಂದರೆ ಐರಣಿಯಿಂದ ನನಗೊಂದು ಫೋನು ಬಂದೇ ಬರುತ್ತದೆ. "ಮಾಸ್ತರ, ಪೆಟ್ಟಿಗಿ ಮತ್ತ ಉಬ್ಬಸ ಬಿಡಾಕ್ಹತ್ತೇತ್ರೀ." ಹೊಳೆದಂಡೆಯ ಊರು. ಥಂಡಿಗೆ ಕಟ್ಟಿಗೆ ಉಬ್ಬುತ್ತದೆ, ಒತ್ತಿದ ಪಟ್ಟಿ ಮೇಲೇಳುವುದಿಲ್ಲ, ತಿದಿಯ ಮಡಿಕೆಯಲ್ಲಿ ಎಲ್ಲೋ ಅಂಟು ಬಿಟ್ಟಿರುತ್ತದೆ. ಚೀಲ ಹೆಗಲಿಗೇರಿಸಿ ರಾಣೇಬೆನ್ನೂರಿನಲ್ಲಿ ಬಸ್ಸು ಹತ್ತುತ್ತೇನೆ. ವರ್ಷದಲ್ಲಿ ನನಗೆ ಇಷ್ಟು ಖುಷಿಯ ಪ್ರಯಾಣ ಇನ್ನೊಂದಿಲ್ಲ.

ಐರಣಿಯ ಭಜನೆಯವರ ಈ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ, ಮೊದಲು ನಾಟಕ ಕಂಪನಿಯದು. ಹಳಬರು ಇದನ್ನು ಆರ್ಗನ್ ಅಂತಲೇ ಕರೆಯುತ್ತಾರೆ. ಚರ್ಚಿನ ಆರ್ಗನ್ನಿಗೂ ಇದಕ್ಕೂ ಕುಲ ಒಂದೇ: ಅಲ್ಲಿ ಗಾಳಿ ಕೊಳವೆಯಲ್ಲಿ ನುಡಿಯುತ್ತದೆ, ಇಲ್ಲಿ ಹಿತ್ತಾಳೆಯ ನಾಲಿಗೆಯಲ್ಲಿ. ಪ್ಯಾರಿಸ್ಸಿನ ಡೆಬೆಂ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗ ಅದೂ ಕಾಲಿನಿಂದಲೇ ತುಳಿಯುವಂಥದ್ದು. ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಆಮೇಲೆ ಕಲ್ಕತ್ತೆಯಲ್ಲಿ ರೂಪುಗೊಂಡಿತು.

ಮೊದಲು ಪಟ್ಟಿ ಮುಟ್ಟದೆ ತಿದಿ ತುಂಬಿಸಿ ಸುಮ್ಮನೆ ಕೂಡುತ್ತೇನೆ. ಅದು ಎಷ್ಟು ಹೊತ್ತಿಗೆ ಕುಸಿಯುತ್ತದೆ ಎನ್ನುವುದರಲ್ಲೇ ಅರ್ಧ ರೋಗ ತಿಳಿಯುತ್ತದೆ. ಸೋರುವ ಜಾಗದ ಹತ್ತಿರ ಊದಿನಕಡ್ಡಿ ಹಿಡಿದರೆ ಹೊಗೆ ಅಡ್ಡಕ್ಕೆ ಬಾಗುತ್ತದೆ. ಅಲ್ಲಿ ಹಳೇ ತೊಗಲು ಕೆರೆದು, ಹದ ಮಾಡಿದ ತೆಳು ಕುರಿದೊಗಲು ಅಂಟಿಸಬೇಕು. ಬೆರಳಿಗೆ ಸುತ್ತಿದರೆ ಬಟ್ಟೆಯಂತೆ ಮಡಚಿಕೊಳ್ಳಬೇಕು, ಹಾಗಿದ್ದರೇ ಸೈ. ಪಟ್ಟಿ ಟಕ್ ಟಕ್ ಎನ್ನದಂತೆ ಅಡಿಗೆ ಕಂಬಳಿ ತುಂಡು. ಕುರಿ, ಕಂಬಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಪ್ಯಾಟಿಯ ಸ್ಪಂಜಿಗಿಂತ ಇದು ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ.

ಸುರ ಕೂಡಿಸುವ ಕೆಲಸವೇ ಬೇರೆ. ನಾಲಿಗೆಯ ತುದಿ ಕೆರೆದರೆ ಸುರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಆದ್ದರಿಂದ ಎರಡು ಗೀರು, ಒಮ್ಮೆ ಕೇಳುವುದು, ಮತ್ತೆ ಒಂದು ಗೀರು. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಪೆಟ್ಟಿಗೆಯ ಗಾಂಧಾರ, ಅರ್ಧ ಸುರವನ್ನು 100 ಪಾಲು ಮಾಡಿದರೆ, ಸುಮಾರು 14 ಪಾಲು ಮೇಲಿರುತ್ತದೆ. ಹಾರ್ಮೋನಿಯಂ ಮೇಲಿನ ಹಳೇ ತಕರಾರುಗಳಲ್ಲಿ ಇದೂ ಒಂದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು, 1971ರವರೆಗೂ ಒಳಗೆ ಬಿಡಲಿಲ್ಲ. ಆ ಗಾಂಧಾರ ಇಳಿಸಲು ನನಗೆಷ್ಟೋ ಸಲ ಕೈ ತುರಿಸಿದೆ. ಆದರೆ ಭಜನೆಯಲ್ಲಿ ಒಬ್ಬರು ಕರಿ ಒಂದರಲ್ಲಿ ಹಾಡಿದರೆ ಇನ್ನೊಬ್ಬರು ಬಿಳಿ ನಾಲ್ಕರಲ್ಲಿ. ಒಬ್ಬರಿಗೆ ಸರಿಮಾಡಿದ್ದು ಇನ್ನೊಬ್ಬರಿಗೆ ಬೇಸೂರು. ಹಾಗಾಗಿ ಅದನ್ನು ಇದ್ದಂತೆಯೇ ಬಿಟ್ಟಿದ್ದೇನೆ.

ಹೋದ ವರ್ಷ ಹುಡುಗರು, "ತುಳಿಯೂದ್ಯಾಕ ಬೇಕ್ರಿ, ಸಣ್ಣದೊಂದು ಮೋಟಾರ್ ಕೂಡಿಸೋಣು" ಅಂದರು. ಚರ್ಚುಗಳಲ್ಲಿ ಮೋಟಾರು ಬಂದದ್ದು ನಿಜ. ಅಲ್ಲಿ ತಿದಿ ಒತ್ತುವವ ಹಿಂದೆ, ನುಡಿಸುವವ ಮುಂದೆ. ಕೊಳವೆಗೆ ಬೇಕಾದದ್ದು ಏರಿಳಿತವಿಲ್ಲದ ಗಾಳಿ. ಇಲ್ಲಿ ಇಬ್ಬರೂ ಒಬ್ಬನೇ. ಹಾಡುವವರ ದನಿ ಇಳಿದಾಗ ಪಾದ ತಾನೇ ಸಡಿಲಾಗುತ್ತದೆ, ಪೆಟ್ಟಿಗೆ ಪಿಸುಗುಡುತ್ತದೆ. ಪಲ್ಲವಿಗೆ ಎಲ್ಲರೂ ಕೂಡಿದಾಗ ಮೊಳಕಾಲಿಂದ ಒತ್ತು ಬೀಳುತ್ತದೆ. ನಾನು ಒಪ್ಪಲಿಲ್ಲ. ಮಾತಾಡುವ ಬದಲು ಅವರಲ್ಲೊಬ್ಬನನ್ನು ಕೂಡಿಸಿ ಒಂದೇ ಷಡ್ಜ ಹಿಡಿಸಿ, ಕಾಲಿನಿಂದ ಏರಿಸಿ ಇಳಿಸು ಅಂದೆ. ಆ ಹುಡುಗ ಅರ್ಧ ತಾಸು ಏಳಲೇ ಇಲ್ಲ.

ಈ ಸಲ ಎಲ್ಲ ಸರಿಯಾಗಿದೆ. ಮಂದ್ರದ ನಿಷಾದ ಮಾತ್ರ ತುಸು ತಡವಾಗಿ ಬಾಯಿ ಬಿಡುತ್ತದೆ, ಅದರ ನಾಲಿಗೆಯ ತುದಿ ಕೂದಲೆಳೆಯಷ್ಟು ಮೇಲೆದ್ದಿದೆ. ಹವೆ ಒಣಗಲಿ. ದೀಪಾವಳಿ ಮುಂದೆ ಮತ್ತೆ ಹೋಗುತ್ತೇನೆ.